ಮುಂದಿನ ಪೀಳಿಗೆಗಳನ್ನೂ ಲೆಕ್ಕಕ್ಕೆ ಹಿಡಿದು ನಿರ್ಧಾರ ಕೈಗೊಳ್ಳುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ದೀರ್ಘಕಾಲದ ಯೋಜನೆ ಮಾಡಬೇಕೆಂದು ಕುಳಿತ ಸಮಿತಿಗಳು ಬಹುಮಟ್ಟಿಗೆ ಒಂದೇ ಜಾಗದಲ್ಲಿ ಎಡವುತ್ತವೆ. ಮೊದಲ ಸಭೆಯಲ್ಲೇ ಐವತ್ತು ವರ್ಷದ ನಂತರದ ಜಗತ್ತು ಹೇಗಿರಬಹುದು ಎಂಬ ಚರ್ಚೆ ಶುರುವಾಗುತ್ತದೆ. ಯಾರಿಗೂ ಗೊತ್ತಿಲ್ಲದ ವಿಷಯವಾದ್ದರಿಂದ ಎಲ್ಲರಿಗೂ ಅದರ ಬಗ್ಗೆ ಮಾತು ಇರುತ್ತದೆ. ಕೊನೆಗೆ ಒಂದು ಚೆಂದದ ಆಶಯಪತ್ರ ಸಿದ್ಧವಾಗಿ ಕಡತ ಸೇರುತ್ತದೆ. ನಿಜವಾದ ನಿರ್ಧಾರವನ್ನು ಮಾತ್ರ ಈ ವರ್ಷದ ಆಯವ್ಯಯ ನೋಡಿ ಕೈಗೊಳ್ಳಲಾಗುತ್ತದೆ. ಇಂಥ ಸಮಿತಿಗಳ ಸದಸ್ಯರಲ್ಲಿ ಕಾಳಜಿಗೆ ಕೊರತೆ ಇರುವುದಿಲ್ಲ. ಅವರು ಹಿಡಿದ ಕೆಲಸದ ಕ್ರಮ ತಪ್ಪಾಗಿರುತ್ತದೆ. ಭವಿಷ್ಯವನ್ನು ಊಹಿಸುವುದು ಕಡೆಗೆ ಮಾಡಬೇಕಾದ ಕೆಲಸ, ಎಷ್ಟೋ ಸಲ ಬೇಕಾಗದ ಕೆಲಸ. ನಾವು ಇಂದು ಮಾಡಹೊರಟಿರುವುದರಲ್ಲಿ ಮುಂದಿನವರು ಸರಿಪಡಿಸಲಾಗದಂಥದ್ದು ಏನಿದೆ ಎಂದು ಪತ್ತೆಹಚ್ಚುವುದು ಎಲ್ಲಕ್ಕಿಂತ ಮೊದಲು ಆಗಬೇಕು. ಕೆಳಗಿನ ಎಂಟು ಹಂತಗಳೂ ಈ ಒಂದು ಕ್ರಮವನ್ನು ಕಾಪಾಡುವುದಕ್ಕಾಗಿಯೇ ಇವೆ.

ಸ್ಥಳೀಯ ಆಡಳಿತ, ಸಹಕಾರ ಸಂಘ, ಟ್ರಸ್ಟ್, ಕಂಪನಿಯ ಆಡಳಿತ ಮಂಡಳಿ, ಆಸ್ತಿ ಹಂಚಿಕೊಳ್ಳುತ್ತಿರುವ ಕುಟುಂಬ, ಹೀಗೆ ತಮ್ಮ ಆಯುಷ್ಯಕ್ಕಿಂತ ಹೆಚ್ಚು ಕಾಲ ಉಳಿಯುವ ನಿರ್ಧಾರವನ್ನು ಕೈಗೊಳ್ಳಬೇಕಾದ ಯಾರೇ ಆದರೂ ಈ ವಿಧಾನವನ್ನು ಬಳಸಬಹುದು.

## ಶುರು ಮಾಡುವ ಮುನ್ನ ಬೇಕಾದವು

ಪುಟಸಂಖ್ಯೆ ಹಾಕಿ ಹೊಲಿದ ಒಂದು ನಡಾವಳಿ ಪುಸ್ತಕ, ಚಕ್ರಬಡ್ಡಿ ಲೆಕ್ಕ ಹಾಕಲು ಒಂದು ಸ್ಪ್ರೆಡ್‌ಶೀಟ್, ವಿಷಯಕ್ಕೆ ಸಂಬಂಧಿಸಿದ ಹಳೆಯ ಠರಾವುಗಳು, ನಕ್ಷೆಗಳು ಮತ್ತು ಒಪ್ಪಂದಗಳ ಪ್ರತಿಗಳು, ಜೊತೆಗೆ ಈ ನಿರ್ಧಾರದಿಂದ ಲಾಭವಾಗಲಿ ನಷ್ಟವಾಗಲಿ ಇಲ್ಲದ ಒಬ್ಬ ಹೊರಗಿನ ವ್ಯಕ್ತಿ ಇದ್ದರೆ ಸಾಕು. ಕನಿಷ್ಠ ಮೂರು ಸಭೆಗಳನ್ನು ಬೇರೆ ಬೇರೆ ದಿನ ಇಟ್ಟುಕೊಳ್ಳಿ. ಮೂರನೆಯ ಮತ್ತು ನಾಲ್ಕನೆಯ ಹಂತಗಳನ್ನು ಒಂದೇ ದಿನ ಮಾಡಬೇಡಿ. ಹಣದ ಅಂಕಿ ಒಮ್ಮೆ ಮೇಜಿನ ಮೇಲೆ ಬಂದರೆ, ಅಂಕಿಗೆ ಸಿಗದ ಸಂಗತಿಗಳ ಬಗ್ಗೆ ಆಮೇಲೆ ಯಾರೂ ಮಾತಾಡುವುದಿಲ್ಲ.

## 1. ನಿರ್ಧಾರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

“ನೀರಿನ ಭದ್ರತೆಯನ್ನು ಬಲಪಡಿಸುವುದು” ಎಂಬುದು ನಿರ್ಧಾರವಲ್ಲ, ಆಶಯ. “ಈ ಜಲಾಶಯದ ದಂಡೆಯ 40 ಎಕರೆಯನ್ನು 30 ವರ್ಷದ ಗುತ್ತಿಗೆಗೆ ಕೊಡುವುದು” ಎಂಬುದು ನಿರ್ಧಾರ. ಕಟ್ಟುವುದು, ಮಾರುವುದು, ಅಗೆಯುವುದು, ಹೂಳುವುದು, ಸಾಲ ಎತ್ತುವುದು, ಮುಚ್ಚುವುದು, ಹೀಗೆ ಯಾರೋ ಒಬ್ಬರು ಎದ್ದು ಹೋಗಿ ಮಾಡಬಹುದಾದ ಕ್ರಿಯೆಯೊಂದು ವಾಕ್ಯದಲ್ಲಿ ಇಲ್ಲದಿದ್ದರೆ ಅದನ್ನು ಮತ್ತೆ ಬರೆಯಿರಿ.

ಅದರ ಕೆಳಗೆ ಎರಡನೆಯ ವಾಕ್ಯವಾಗಿ “ಏನೂ ಮಾಡದಿರುವುದು” ಎಂದು ಬರೆದು, ಅದನ್ನೂ ಒಂದು ಪೂರ್ಣ ಆಯ್ಕೆಯೆಂದು ಪರಿಗಣಿಸಿ ಎಲ್ಲ ಹಂತಗಳ ಮೂಲಕ ಹಾಯಿಸಬೇಕು. ಸುಮ್ಮನಿರುವುದಕ್ಕೆ ಖರ್ಚಿಲ್ಲ ಎಂಬ ಭಾವನೆಯಿಂದಲೇ ಸೋರುವ ಕೊಳವೆಗಳೂ ದುರಸ್ತಿ ಕಾಣದ ಸೇತುವೆಗಳೂ ಮುಂದಿನವರ ಪಾಲಿಗೆ ಉಳಿಯುತ್ತವೆ.

## 2. ಅವಧಿಯನ್ನು ವಸ್ತುವಿನಿಂದಲೇ ತೆಗೆಯಿರಿ

ಎಷ್ಟು ವರ್ಷ ಮುಂದಕ್ಕೆ ನೋಡಬೇಕು ಎಂಬುದನ್ನು ಸಮಿತಿ ಮತಕ್ಕೆ ಹಾಕಿ ತೀರ್ಮಾನಿಸುವ ವಿಷಯವಲ್ಲ. ಯೋಜನೆಯ ಅವಧಿ ಐದು ವರ್ಷ, ಸಾಲದ ಅವಧಿ ಇಪ್ಪತ್ತು ವರ್ಷ, ಆದ್ದರಿಂದ ನಮ್ಮ ದೃಷ್ಟಿಯೂ ಇಪ್ಪತ್ತು ವರ್ಷ ಎನ್ನುವುದು ಅತಿ ಸಾಮಾನ್ಯವಾದ ತಪ್ಪು. ನಿರ್ಧಾರದ ಪರಿಣಾಮ ಎಷ್ಟು ಕಾಲ ಉಳಿಯುತ್ತದೋ ಅಷ್ಟೇ ಅವಧಿ.

ಈ ಅವಧಿಗಳು ಒಂದರಿಂದ ಒಂದು ಎಷ್ಟು ಭಿನ್ನವಾಗಿರುತ್ತವೆ ಎಂಬುದಕ್ಕೆ ವಿಕಿರಣ ತ್ಯಾಜ್ಯ ಒಳ್ಳೆಯ ಉದಾಹರಣೆ. ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ, ಸುಮಾರು 30 ವರ್ಷ; ಹತ್ತು ಅರ್ಧಾಯುಷ್ಯ ಕಳೆದರೆ, ಅಂದರೆ 300 ವರ್ಷಕ್ಕೆ, ಅದು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಪ್ಲುಟೋನಿಯಂ-239ರ ಅರ್ಧಾಯುಷ್ಯ ಸುಮಾರು 24,100 ವರ್ಷ; ಅದೇ ಮಟ್ಟಕ್ಕೆ ಇಳಿಯಲು ಅದಕ್ಕೆ ಎರಡು ಲಕ್ಷ ನಲವತ್ತು ಸಾವಿರ ವರ್ಷ ಬೇಕು. ಎರಡನ್ನೂ “ವಿಕಿರಣ ತ್ಯಾಜ್ಯ” ಎಂಬ ಒಂದೇ ತಲೆಬರಹದ ಕೆಳಗೆ ಹಾಕಿ ಒಂದೇ ಅವಧಿ ನಮೂದಿಸಿದರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ. ಹಾಗೆಯೇ, ಇಂದು ಹೊರಬಿಟ್ಟ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಸಾವಿರಾರು ವರ್ಷ ವಾತಾವರಣದಲ್ಲಿ ಉಳಿಯುತ್ತದೆ. ಅದನ್ನು ಹೊರಬಿಡುವ ಯಂತ್ರದ ಆಯುಷ್ಯ ಸಾಮಾನ್ಯವಾಗಿ ಕೆಲವು ದಶಕ ಮಾತ್ರ.

ಆದ್ದರಿಂದ ನಿರ್ಧಾರದ ಪ್ರತಿಯೊಂದು ಪರಿಣಾಮಕ್ಕೂ ಪ್ರತ್ಯೇಕ ಸಾಲು ತೆರೆದು, ಆ ಸಾಲಿನ ಮುಂದೆ ಅದರದೇ ಅವಧಿಯನ್ನು ಬರೆಯಿರಿ. ಎಲ್ಲ ಸಾಲುಗಳಲ್ಲೂ ಒಂದೇ ಅಂಕಿ ಕಾಣಿಸಿದರೆ ಯಾರೋ ಯೋಚಿಸದೆ ತುಂಬಿದ್ದಾರೆ ಎಂದೇ ತಿಳಿಯಬೇಕು.

## 3. ಹಿಂತೆಗೆಯಲಾಗದ್ದನ್ನು ಬೇರೆ ಮಾಡಿ

ಇಡೀ ಕೆಲಸದ ಅರ್ಧ ಸಮಯವನ್ನು ಈ ಹಂತಕ್ಕೆ ಕೊಡಿ. ಎರಡನೆಯ ಹಂತದ ಪಟ್ಟಿಯ ಪ್ರತಿಯೊಂದು ಸಾಲನ್ನೂ ಮೂರರಲ್ಲಿ ಒಂದು ಗುಂಪಿಗೆ ಸೇರಿಸಬೇಕು: ಸುಲಭವಾಗಿ ಸರಿಪಡಿಸಬಹುದಾದದ್ದು, ದುಬಾರಿ ಖರ್ಚಿನಲ್ಲಿ ಸರಿಪಡಿಸಬಹುದಾದದ್ದು, ಸರಿಪಡಿಸಲಾಗದ್ದು.

ಗುಂಪು ನಿಗದಿಪಡಿಸಲು ಕೇಳಬೇಕಾದ ಪ್ರಶ್ನೆ ಹೀಗಿರಲಿ: ಮೂವತ್ತು ವರ್ಷದ ನಂತರ ಬಂದವರು “ಇದು ತಪ್ಪಾಯಿತು” ಎಂದು ಒಮ್ಮತದಿಂದ ತೀರ್ಮಾನಿಸಿದರೆ, ಅದನ್ನು ತಿದ್ದಲು ಅವರಿಗೆ ಏನೇನು ಬೇಕಾಗುತ್ತದೆ, ಅದರಲ್ಲಿ ಯಾವುದು ಇಂದೇ ಅಸ್ತಿತ್ವದಲ್ಲಿದೆ, ಮತ್ತು ಖರ್ಚು ಯಾರದು? “ಅಷ್ಟರಲ್ಲಿ ತಂತ್ರಜ್ಞಾನ ಬಂದಿರುತ್ತದೆ” ಎಂಬ ಉತ್ತರವನ್ನು ಸ್ವೀಕರಿಸಬೇಡಿ. ಬರಬಹುದು, ಆದರೆ ಅದರ ಭರವಸೆಯ ಮೇಲೆ ನಿಂತ ಸಾಲು ಮೂರನೆಯ ಗುಂಪಿಗೇ ಸೇರಬೇಕು. ಉತ್ತರ ಕೊಟ್ಟವರು ಆ ತಂತ್ರಜ್ಞಾನಕ್ಕೆ ಹಣ ತೆಗೆದಿಡಲು ಸಿದ್ಧರಿದ್ದಾರೆಯೇ ಎಂದು ಕೇಳಿ ನೋಡಿದರೆ ಮಾತಿನ ತೂಕ ಗೊತ್ತಾಗುತ್ತದೆ.

ಕಣ್ಣಿಗೆ ಕಾಣದ ಹಾನಿ ಹೆಚ್ಚಾಗಿ ಈ ಹಂತದಲ್ಲಿ ತಪ್ಪಿಸಿಕೊಳ್ಳುತ್ತದೆ. ಅಂತರ್ಜಲವನ್ನೇ ತೆಗೆದುಕೊಳ್ಳಿ. ಮಳೆ ಬಂದರೆ ಮತ್ತೆ ತುಂಬುತ್ತದೆ ಎಂದು ಅದನ್ನು ಮೊದಲ ಗುಂಪಿಗೆ ಹಾಕುವವರೇ ಹೆಚ್ಚು. ಆದರೆ ಅತಿಯಾಗಿ ನೀರೆತ್ತಿದಾಗ ಪದರಗಳ ನಡುವಿನ ಜೇಡಿಮಣ್ಣು ಅದುಮಿಕೊಂಡುಬಿಡುತ್ತದೆ. ಆ ಮೇಲೆ ಎಷ್ಟು ಮಳೆ ಬಂದರೂ ಮೊದಲಿನಷ್ಟು ನೀರು ಹಿಡಿಯುವ ಜಾಗವೇ ಅಲ್ಲಿ ಉಳಿದಿರುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ಕಣಿವೆಯ ಕೆಲವೆಡೆ 1920ರ ದಶಕದಿಂದ 1977ರ ಹೊತ್ತಿಗೆ ನೆಲ ಸುಮಾರು 9 ಮೀಟರ್ ಕುಸಿದದ್ದು ಹೀಗೆಯೇ. ನೀರು ಮರಳಬಹುದು, ನೀರು ನಿಲ್ಲುವ ಪಾತ್ರೆ ಮರಳುವುದಿಲ್ಲ.

ಚೂರುಚೂರಾಗಿ ಸೇರುವ ಹಾನಿಯದು ಇನ್ನೊಂದು ಬಗೆ. ಸೀಸ ಬೆರೆಸಿದ ಪೆಟ್ರೋಲ್ 1920ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ರಸ್ತೆ ವಾಹನಗಳಿಗೆ ಅದರ ಮಾರಾಟ ಜಗತ್ತಿನಾದ್ಯಂತ ನಿಂತದ್ದು 2021ರಲ್ಲಿ, ಅಲ್ಜೀರಿಯ ಕೊನೆಯ ದೇಶವಾಗಿ ಅದನ್ನು ಕೈಬಿಟ್ಟಾಗ. ಯಾವ ಒಂದು ಟ್ಯಾಂಕಿನ ಪೆಟ್ರೋಲೂ ದೊಡ್ಡ ಅಪಾಯವಾಗಿರಲಿಲ್ಲ. ಆದರೆ ಸೀಸ ಕೊಳೆತು ಹೋಗುವ ವಸ್ತುವಲ್ಲ; ರಸ್ತೆಬದಿಯ ಮಣ್ಣಿನಲ್ಲಿ ಅದು ಹಾಗೆಯೇ ಕುಳಿತಿರುತ್ತದೆ. ಇಂಥ ಸಾಲುಗಳನ್ನು ತೂಗುವಾಗ “ನಮ್ಮ ಪಾಲು ಎಷ್ಟು” ಎಂದು ಕೇಳುವ ಬದಲು “ಎಲ್ಲರೂ ಹೀಗೆಯೇ ಮಾಡಿದರೆ ಒಟ್ಟು ಎಷ್ಟು” ಎಂದು ಕೇಳಬೇಕು.

ಕಾನೂನಿನ ಗಂಟುಗಳನ್ನೂ ಮರೆಯಬೇಡಿ. 99 ವರ್ಷದ ಗುತ್ತಿಗೆ, ಪರಭಾರೆ ಮಾಡಿದ ಜಮೀನು, ಅವಧಿಗೆ ಮುನ್ನ ರದ್ದುಮಾಡಿದರೆ ಭಾರಿ ಪರಿಹಾರ ಕೊಡಬೇಕೆಂಬ ಷರತ್ತು, ಇವೆಲ್ಲ ಕಾಂಕ್ರೀಟಿಗಿಂತ ಗಟ್ಟಿ. ಕಸುಬು ಗೊತ್ತಿರುವ ಕೊನೆಯ ಕೆಲಸಗಾರ ನಿವೃತ್ತನಾಗುವುದೂ ಹಿಂತೆಗೆಯಲಾಗದ ನಷ್ಟವೇ. ಇದನ್ನು ಪಟ್ಟಿಯಲ್ಲಿ ಬರೆಯುವವರು ಬಹಳ ಕಡಿಮೆ.

ಒಂದು ಎಚ್ಚರಿಕೆ. ಮೂರನೆಯ ಗುಂಪು ಖಾಲಿ ಉಳಿದರೆ ಪರೀಕ್ಷೆ ಸರಿಯಾಗಿ ಆಗಿಲ್ಲ. ಎಲ್ಲವೂ ಅದರಲ್ಲೇ ತುಂಬಿದರೆ ಯಾರೋ ಹೆದರಿಸಲು ಹೊರಟಿದ್ದಾರೆ. ಹಾನಿಯನ್ನು ತಡೆಯಬಹುದು, ತಿದ್ದಲೂಬಹುದು ಎಂಬುದಕ್ಕೆ ಓಜೋನ್ ಪದರವೇ ಸಾಕ್ಷಿ. 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಆ ಪದರವನ್ನು ತೆಳುವಾಗಿಸುವ ಕ್ಲೋರೋಫ್ಲೋರೋಕಾರ್ಬನ್‌ಗಳ ತಯಾರಿಕೆ ಹಂತಹಂತವಾಗಿ ನಿಂತಿತು. ಅಂಟಾರ್ಕ್ಟಿಕದ ಮೇಲಿನ ಓಜೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಬಹುದೆಂದು ವಿಜ್ಞಾನಿಗಳ ಅಂದಾಜು. ಒಪ್ಪಂದಕ್ಕೂ ಈ ವರ್ಷಕ್ಕೂ ನಡುವೆ ಸುಮಾರು ಎಂಬತ್ತು ವರ್ಷಗಳ ಅಂತರವಿದೆ. ಎರಡನೆಯ ಗುಂಪಿನ “ದುಬಾರಿ ಖರ್ಚು” ಎಂಬ ಮಾತಿನಲ್ಲಿ ಕಾಲವೂ ಸೇರಿದೆ.

## 4. ಡಿಸ್ಕೌಂಟ್ ದರವನ್ನು ಬಯಲಿಗೆ ತನ್ನಿ

ಯೋಜನಾ ವರದಿಗಳಲ್ಲಿ ಮುಂದಿನ ಪೀಳಿಗೆಗಳು ಮಾಯವಾಗುವುದು ಭಾಷಣದಲ್ಲಲ್ಲ, ಅನುಬಂಧದ ಒಂದು ಸಣ್ಣ ಅಂಕಿಯಲ್ಲಿ. ನಾಳೆಯ ಲಾಭನಷ್ಟವನ್ನು ಇಂದಿನ ಬೆಲೆಗೆ ಇಳಿಸಲು ಬಳಸುವ ವಾರ್ಷಿಕ ಶೇಕಡಾವಾರು ದರವೇ ಡಿಸ್ಕೌಂಟ್ ದರ. ವರದಿಯಲ್ಲಿ ಅದು ಎಲ್ಲಿದೆ ಎಂದು ಹುಡುಕಿ, ಸುತ್ತು ಹಾಕಿ, ನಡಾವಳಿಯಲ್ಲಿ ನಮೂದಿಸಿ.

ಆಮೇಲೆ ಈ ಲೆಕ್ಕವನ್ನು ಎಲ್ಲರ ಎದುರಿಗೇ ಮಾಡಿ ತೋರಿಸಿ. ನೂರು ವರ್ಷದ ನಂತರ ಆಗಲಿರುವ 1 ಕೋಟಿ ರೂಪಾಯಿಯಷ್ಟು ಹಾನಿ, ಶೇ. 1 ದರದಲ್ಲಿ ಇಂದಿನ ಲೆಕ್ಕಕ್ಕೆ ಸುಮಾರು 37 ಲಕ್ಷ. ಶೇ. 3 ದರದಲ್ಲಿ ಸುಮಾರು 5.2 ಲಕ್ಷ. ಶೇ. 5 ದರದಲ್ಲಿ 76 ಸಾವಿರ. ಶೇ. 10 ದರದಲ್ಲಿ 726 ಮಾತ್ರ. ಹಾನಿ ಅದೇ, ಅನುಭವಿಸುವ ಜನರೂ ಅವರೇ; ಬದಲಾದದ್ದು ಲೆಕ್ಕಿಗನ ಮೇಜಿನ ಮೇಲಿನ ಒಂದು ಅಂಕಿ. ಈ ನಾಲ್ಕು ಸಾಲುಗಳನ್ನು ಬರೆದು ತೋರಿಸಿದ ಮೇಲೆ, ದರವನ್ನು ತಜ್ಞರಿಗೆ ಬಿಟ್ಟುಬಿಡೋಣ ಎನ್ನುವವರು ಸಾಮಾನ್ಯವಾಗಿ ಸುಮ್ಮನಾಗುತ್ತಾರೆ.

ಹಾಗೆಂದು ದರವನ್ನೇ ಸೊನ್ನೆ ಮಾಡಿ ಎನ್ನುವುದೂ ಸರಿಯಲ್ಲ. ದರದೊಳಗೆ ಎರಡು ಬೇರೆ ಬೇರೆ ವಾದಗಳು ಬೆರೆತಿರುತ್ತವೆ, ಅವುಗಳನ್ನು ಬಿಡಿಸಿ ನೋಡಬೇಕು. ಮುಂದಿನವರು ನಮಗಿಂತ ಅನುಕೂಲಸ್ಥರಾಗಿರುತ್ತಾರೆ, ಆದ್ದರಿಂದ ಅವರಿಗೆ ಸಿಗುವ ಹೆಚ್ಚುವರಿ ಒಂದು ಘಟಕದ ಬೆಲೆ ಕಡಿಮೆ ಎಂಬುದು ಮೊದಲನೆಯದು. ಇದು ಆಧಾರ ಕೊಟ್ಟು ಚರ್ಚಿಸಬಹುದಾದ ವಾದ, ಆಧಾರ ಇಲ್ಲದಿದ್ದರೆ ಬಿದ್ದುಹೋಗುವ ವಾದ. ಮುಂದೆ ಬದುಕುವವರು ಮುಂದೆ ಬದುಕುತ್ತಾರೆಂಬ ಒಂದೇ ಕಾರಣಕ್ಕೆ ಅವರ ಸುಖದುಃಖಕ್ಕೆ ಬೆಲೆ ಕಡಿಮೆ ಎಂಬುದು ಎರಡನೆಯದು. ಈ ಎರಡನೆಯದನ್ನು ಕೇಂಬ್ರಿಡ್ಜಿನ ಗಣಿತಜ್ಞ ಫ್ರಾಂಕ್ ರಾಮ್ಸೆ 1928ರಲ್ಲೇ ನೈತಿಕವಾಗಿ ಸಮರ್ಥಿಸಲಾಗದ್ದೆಂದೂ ಕಲ್ಪನಾಶಕ್ತಿಯ ದೌರ್ಬಲ್ಯದಿಂದ ಹುಟ್ಟಿದ್ದೆಂದೂ ಬರೆದಿದ್ದ. 2006ರಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಸ್ಟರ್ನ್ ಬ್ರಿಟನ್ ಸರ್ಕಾರಕ್ಕೆ ಸಲ್ಲಿಸಿದ ಹವಾಮಾನ ವರದಿಯಲ್ಲಿ ಒಟ್ಟು ದರ ಸುಮಾರು ಶೇ. 1.4 ಇತ್ತು, ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ನಾರ್ಡಹೌಸ್ ಅದಕ್ಕಿಂತ ಬಹಳ ಹೆಚ್ಚಿನ ದರ ಹಿಡಿದು, ಕ್ರಮಗಳು ನಿಧಾನವಾಗಿ ಬಿಗಿಯಾಗಲಿ ಎಂದರು. ಇಬ್ಬರ ಸಲಹೆಗಳ ನಡುವಿನ ಅಂತರಕ್ಕೆ ಬಹುಪಾಲು ಕಾರಣ ಈ ಅಂಕಿಯೇ ಹೊರತು ಹವಾಮಾನದ ಬಗೆಗಿನ ಭಿನ್ನಾಭಿಪ್ರಾಯವಲ್ಲ.

ನಡುದಾರಿ ಬೇಕೆಂದರೆ, ಅವಧಿ ಹೆಚ್ಚಿದಂತೆ ದರ ಇಳಿಯುವ ಪದ್ಧತಿಯನ್ನು ಅನುಸರಿಸಬಹುದು. ಬ್ರಿಟನ್ನಿನ ಹಣಕಾಸು ಇಲಾಖೆಯ ಮಾರ್ಗಸೂಚಿಯಲ್ಲಿ ಮೊದಲ 30 ವರ್ಷಕ್ಕೆ ಶೇ. 3.5, ನಂತರ 75 ವರ್ಷದವರೆಗೆ ಶೇ. 3, ಹೀಗೆ ಇಳಿಯುತ್ತ 300 ವರ್ಷದಾಚೆಗೆ ಶೇ. 1 ಎಂದಿದೆ.

ಈ ಹಂತದಲ್ಲಿ ಪದೇ ಪದೇ ಆಗುವ ತಪ್ಪುಗಳು ಮೂರು. ಬ್ಯಾಂಕಿನ ಸಾಲದ ಬಡ್ಡಿಯನ್ನೇ ಡಿಸ್ಕೌಂಟ್ ದರವೆಂದು ಇಟ್ಟುಬಿಡುವುದು. ಮುಂದಿನ ಮೊತ್ತವನ್ನು ಇಂದಿನ ಬೆಲೆಯಲ್ಲೇ ಬರೆದು, ಹಣದುಬ್ಬರ ಸೇರಿದ ದರದಿಂದ ಅದನ್ನು ಇಳಿಸುವುದು. ಇದರಿಂದ ಹಣದುಬ್ಬರಕ್ಕೆ ಕಾರಣವಿಲ್ಲದೆ ಕಡಿತವಾಗಿ ಮುಂದಿನ ಹಾನಿ ಇನ್ನಷ್ಟು ಕುಗ್ಗುತ್ತದೆ. ಇವೆರಡಕ್ಕಿಂತ ಕೆಟ್ಟದ್ದು, ಮೂರನೆಯ ಗುಂಪಿನ ಸಾಲುಗಳಿಗೂ ಹಣದ ಬೆಲೆ ಕಟ್ಟಿ ಇದೇ ಲೆಕ್ಕಕ್ಕೆ ಎಳೆಯುವುದು. ಅವನ್ನು ಲೆಕ್ಕದ ಹೊರಗಿಡಿ. ಅವು ಷರತ್ತುಗಳು, ಷರತ್ತು ಮುರಿಯದ ಆಯ್ಕೆಗಳ ನಡುವೆ ಮಾತ್ರ ಹಣದ ಹೋಲಿಕೆ ನಡೆಯಲಿ.

ಹೊರೆಯನ್ನು ಮುಂದಕ್ಕೆ ತಳ್ಳುವುದು ಲೆಕ್ಕದಲ್ಲಷ್ಟೇ ಅಲ್ಲ, ಕಾನೂನಿನಲ್ಲೂ ಪ್ರಶ್ನೆಗೆ ಒಳಗಾಗಬಹುದು. ಜರ್ಮನಿಯ ಸಂವಿಧಾನಕ್ಕೆ 1994ರಲ್ಲಿ ಸೇರಿದ 20ಎ ವಿಧಿ ಮುಂದಿನ ಪೀಳಿಗೆಗಳ ಕುರಿತ ಹೊಣೆಯನ್ನು ಹೆಸರಿಸುತ್ತದೆ. 2021ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಹೊರಸೂಸುವಿಕೆಯನ್ನು ತಗ್ಗಿಸುವ ಹೊರೆಯ ಬಹುಪಾಲನ್ನು 2030ರ ನಂತರಕ್ಕೆ ಬಿಟ್ಟಿದ್ದ ಹವಾಮಾನ ಕಾಯಿದೆ ಭಾಗಶಃ ಅಸಾಂವಿಧಾನಿಕ ಎಂದಿತು. ಅದೇ ವರ್ಷ ಕಾಯಿದೆಗೆ ತಿದ್ದುಪಡಿ ಆಯಿತು.

## 5. ಇನ್ನೂ ಹುಟ್ಟದವರ ಪರವಾಗಿ ಒಬ್ಬರನ್ನು ನೇಮಿಸಿ

ಈಗ, ಮೊದಲ ನಾಲ್ಕು ಹಂತಗಳ ಟಿಪ್ಪಣಿ ಕೈಯಲ್ಲಿರುವಾಗ, ಅದನ್ನು ಹಿಡಿದು ವಾದಿಸಲು ಒಬ್ಬರು ಬೇಕು. ಎಲ್ಲರೂ ಮುಂದಿನವರನ್ನು ನೆನಪಿನಲ್ಲಿಡೋಣ ಎಂದರೆ ಯಾರೂ ಇಡುವುದಿಲ್ಲ.

ನೇಮಕವಾದವರಿಗೆ ಕನಿಷ್ಠ ಎರಡು ಅಧಿಕಾರಗಳು ಇರಬೇಕು: ತಾವು ಎತ್ತಿದ ಪ್ರತಿ ಆಕ್ಷೇಪಕ್ಕೂ ಲಿಖಿತ ಉತ್ತರ ಪಡೆಯುವುದು, ಮತ್ತು ಮೂರನೆಯ ಗುಂಪಿಗೆ ಸೇರಿದ ವಿಷಯದ ಮೇಲಿನ ಮತದಾನವನ್ನು ಒಂದು ಸಲ ಮುಂದೂಡುವುದು. ಇದಕ್ಕಿಂತ ಕಡಿಮೆಯಾದರೆ ಹುದ್ದೆ ಅಲಂಕಾರಕ್ಕೆ. ತಡೆಯಾಜ್ಞೆಯಷ್ಟು ಅಧಿಕಾರ ಕೊಟ್ಟರೆ ಮೊದಲ ಘರ್ಷಣೆಯಲ್ಲೇ ಹುದ್ದೆಯನ್ನು ಕಿತ್ತುಹಾಕುತ್ತಾರೆ. ಇಸ್ರೇಲ್ ಸಂಸತ್ತು 2001ರಲ್ಲಿ ಭವಿಷ್ಯದ ಪೀಳಿಗೆಗಳ ಆಯೋಗ ರಚಿಸಿತು. ಮೊದಲ ಆಯುಕ್ತರ ಅವಧಿ 2006ರಲ್ಲಿ ಮುಗಿದ ಮೇಲೆ ಆ ಜಾಗಕ್ಕೆ ಮತ್ತೊಬ್ಬರು ಬರಲಿಲ್ಲ. ಹಂಗೆರಿಯಲ್ಲಿ 2008ರಲ್ಲಿ ಆರಂಭವಾದ ಇಂಥದೇ ಸ್ವತಂತ್ರ ಹುದ್ದೆಯನ್ನು 2012ರಲ್ಲಿ ಜನರ ದೂರು ವಿಚಾರಿಸುವ ಸಾಮಾನ್ಯ ಓಂಬುಡ್ಸ್‌ಮನ್ ಕಚೇರಿಯೊಳಗೆ ಸೇರಿಸಲಾಯಿತು. ವೇಲ್ಸ್ 2015ರ ಕಾಯಿದೆಯ ಮೂಲಕ ನೇಮಿಸಿದ ಆಯುಕ್ತರಿಗೆ ತಡೆಯುವ ಅಧಿಕಾರವಿಲ್ಲ, ಪರಿಶೀಲಿಸಿ ಶಿಫಾರಸು ಮಾಡುವ ಅಧಿಕಾರವಿದೆ. ಆ ಆಯುಕ್ತರು ವಿರೋಧಿಸಿದ್ದ ಹೆದ್ದಾರಿ ಯೋಜನೆಯೊಂದನ್ನು ವೇಲ್ಸ್ ಸರ್ಕಾರ ವೆಚ್ಚ ಮತ್ತು ಪರಿಸರದ ಕಾರಣ ಕೊಟ್ಟು 2019ರಲ್ಲಿ ಕೈಬಿಟ್ಟಿತು. ಮಾತು ಕೇಳಿಸಿಕೊಳ್ಳಲೇಬೇಕಾದ ವ್ಯವಸ್ಥೆ ಇದ್ದರೆ ವೀಟೊ ಇಲ್ಲದೆಯೂ ಕೆಲಸವಾಗುತ್ತದೆ ಎಂದು ನನ್ನ ಅಭಿಪ್ರಾಯ.

ಸಣ್ಣ ಸಂಸ್ಥೆಗಳಿಗೆ ಜಪಾನಿನ ಯಹಾಬಾ ಪಟ್ಟಣದಲ್ಲಿ 2015ರಲ್ಲಿ ನಡೆಸಿದ ಪ್ರಯೋಗ ಹೆಚ್ಚು ಹೊಂದುತ್ತದೆ. ನಿವಾಸಿಗಳ ಒಂದು ಗುಂಪು ಇಂದಿನವರಾಗಿಯೇ ಚರ್ಚಿಸಿತು. ಇನ್ನೊಂದು ಗುಂಪು 2060ರ ನಿವಾಸಿಗಳ ಸ್ಥಾನದಲ್ಲಿ ಕುಳಿತು ಚರ್ಚಿಸಿತು. ಎರಡನೆಯ ಗುಂಪಿನ ಸಲಹೆಗಳು ಹೆಚ್ಚು ಧೈರ್ಯದವಾಗಿದ್ದವು. ಇದನ್ನು ಮಾಡುವಾಗ ಭಾಗವಹಿಸುವವರು ಮಾತಾಡಬೇಕಾದದ್ದು “ಅವರಿಗೆ ಹೀಗೆ ಬೇಕಾದೀತು” ಎಂದಲ್ಲ, “ನಮಗೆ ಇದು ಉಳಿದಿಲ್ಲ” ಎಂದು. ವ್ಯಾಕರಣದ ಈ ಸಣ್ಣ ಶಿಸ್ತು ಬಿಟ್ಟರೆ ಪ್ರಯೋಗ ಅಲ್ಲಿಗೇ ಸಡಿಲವಾಗುತ್ತದೆ.

“ಅವರು ನಮಗೆ ಕೃತಜ್ಞರಾಗಿರುತ್ತಾರೆ” ಎಂಬ ಮಾತು ಸಭೆಯಲ್ಲಿ ಬಂದರೆ ಚರ್ಚೆ ನಿಲ್ಲಿಸಿ. ಹುಟ್ಟದವರ ರುಚಿ ಅಭಿರುಚಿ ನಮಗೆ ತಿಳಿಯದು; ಅವರ ಹೆಸರಿನಲ್ಲಿ ನಮ್ಮ ಅಭಿರುಚಿಯನ್ನೇ ಮುಂದಿಡುವ ಅಪಾಯವೇ ಹೆಚ್ಚು. ಉಸಿರಾಡಲು ಗಾಳಿ, ಕುಡಿಯಲು ನೀರು, ಬೆಳೆಯಲು ಮಣ್ಣು, ನಮ್ಮ ತೀರ್ಮಾನವನ್ನು ಬದಲಿಸುವ ಸ್ವಾತಂತ್ರ್ಯ, ಇಷ್ಟು ಅವರಿಗೆ ಬೇಕೆಂದು ಮಾತ್ರ ಖಚಿತವಾಗಿ ಹೇಳಬಹುದು. ಪ್ರತಿನಿಧಿಯ ವಾದ ಈ ಗೆರೆ ದಾಟದಿರಲಿ.

## 6. ಹಣವನ್ನು ಅಸಲು, ಫಲ ಎಂದು ಬೇರ್ಪಡಿಸಿ

ಒಮ್ಮೆ ತೆಗೆದರೆ ಮುಗಿಯುವ ಸಂಪತ್ತಿನಿಂದ, ಅಂದರೆ ಖನಿಜ, ತೈಲ, ಜಮೀನು ಮಾರಾಟದಿಂದ ಬಂದ ಹಣ ಆದಾಯವಲ್ಲ, ಅಸಲು ಎಂದು ಬೈಲಾದಲ್ಲೇ ಬರೆಯಬೇಕು. ನಾರ್ವೆ ತನ್ನ ತೈಲ ನಿಧಿಗೆ 1990ರಲ್ಲಿ ಕಾನೂನು ಮಾಡಿ, 1996ರಲ್ಲಿ ಮೊದಲ ಮೊತ್ತ ತುಂಬಿ, 2001ರಲ್ಲಿ ಖರ್ಚಿನ ನಿಯಮವನ್ನು ಸೇರಿಸಿತು: ನಿಧಿಯ ನಿರೀಕ್ಷಿತ ನೈಜ (ಹಣದುಬ್ಬರ ಕಳೆದ) ಪ್ರತಿಫಲವಾದ ಶೇ. 4ರಷ್ಟನ್ನು ಮಾತ್ರ ಸರಾಸರಿಯಾಗಿ ಖರ್ಚು ಮಾಡಬೇಕು. ಪ್ರತಿಫಲದ ನಿರೀಕ್ಷೆ ತಗ್ಗಿದಾಗ, 2017ರಲ್ಲಿ, ಅದನ್ನು ಶೇ. 3ಕ್ಕೆ ಇಳಿಸಲಾಯಿತು. ಗಮನಿಸಬೇಕಾದದ್ದು ಈ ಇಳಿಕೆಯನ್ನು. ನಿಯಮ ಬದಲಾದದ್ದು ಖರ್ಚು ಹೆಚ್ಚಿಸಲು ಅಲ್ಲ.

ಪೆಸಿಫಿಕ್ ಸಾಗರದ ನೌರು ದ್ವೀಪದ್ದು ಇದಕ್ಕೆ ವಿರುದ್ಧವಾದ ಕಥೆ. ಫಾಸ್ಫೇಟ್ ಗಣಿಯಿಂದ ಬಂದ ಹಣಕ್ಕೆ ಅಲ್ಲಿಯೂ ನಿಧಿ ಇತ್ತು. ಕೆಟ್ಟ ಹೂಡಿಕೆ, ನಿಧಿಯ ಆಸ್ತಿ ತೋರಿಸಿ ಎತ್ತಿದ ಸಾಲ, ಮಿತಿಯಿಲ್ಲದ ಖರ್ಚುಗಳಿಂದ ಅದರ ಬಹುಪಾಲು ಕರಗಿಹೋಯಿತು. ಗಣಿ ಬರಿದಾಯಿತು, ದ್ವೀಪದ ನಡುಭಾಗ ಸುಣ್ಣದಕಲ್ಲಿನ ಮೊನಚು ಕಂಬಗಳ ಬಂಜರಾಗಿ ಉಳಿಯಿತು.

ನಿಧಿ ಹಾಳಾಗುವ ಮೊದಲ ಲಕ್ಷಣ ಕಳ್ಳತನವಲ್ಲ, “ತಾತ್ಕಾಲಿಕ ಕೈಸಾಲ” ಎಂಬ ನಮೂದು. ಎರಡನೆಯದು, ನಿಧಿಯನ್ನು ಅಡವಿಟ್ಟು ಸಾಲ ತರುವುದು. ಎರಡನ್ನೂ ಬೈಲಾದಲ್ಲಿ ಹೆಸರಿಸಿಯೇ ನಿಷೇಧಿಸಿ. ಹೊಸದಾಗಿ ಕಟ್ಟುವ ಯಾವುದಕ್ಕೇ ಆದರೂ ನಿರ್ವಹಣೆ ಮತ್ತು ಅಂತಿಮವಾಗಿ ಕೆಡವಿ ತೆರವುಗೊಳಿಸುವ ವೆಚ್ಚವನ್ನು ಕಟ್ಟುವ ದಿನದಿಂದಲೇ ಪ್ರತ್ಯೇಕ ಖಾತೆಗೆ ಜಮೆ ಮಾಡುತ್ತ ಬನ್ನಿ.

## 7. ಕಾರಣಗಳನ್ನು ಉಳಿಯುವಂತೆ ಬರೆದಿಡಿ

ಏನು ನಿರ್ಧರಿಸಿದೆವು ಎಂಬುದು ಠರಾವಿನಲ್ಲಿ ಇದ್ದೇ ಇರುತ್ತದೆ. ಯಾಕೆ ನಿರ್ಧರಿಸಿದೆವು, ಏನನ್ನು ಕೈಬಿಟ್ಟೆವು, ಯಾವ ಊಹೆಯ ಮೇಲೆ ನಿಂತೆವು ಎಂಬುದೇ ಕಾಣೆಯಾಗುವುದು. ಮುಂದಿನವರಿಗೆ ಬೇಕಾಗುವುದು ಅದೇ. ಕೈಬಿಟ್ಟ ಪ್ರತಿ ಆಯ್ಕೆಗೂ ಎರಡು ವಾಕ್ಯದ ಕಾರಣ ಬರೆಯಿರಿ. ಪ್ರತಿನಿಧಿಯ ಭಿನ್ನಮತ ಇದ್ದರೆ ತಿದ್ದದೆ ಹಾಗೆಯೇ ಸೇರಿಸಿ.

ಮಾಧ್ಯಮದ ಆಯ್ಕೆಯಲ್ಲಿ ಹೊಸದಕ್ಕೆ ಮರುಳಾಗಬೇಡಿ. ಇಂಗ್ಲೆಂಡಿನ ರಾಜ ಮೊದಲನೆಯ ವಿಲಿಯಂ 1086ರಲ್ಲಿ ಮಾಡಿಸಿದ ಭೂಸಮೀಕ್ಷೆಯನ್ನು ಚರ್ಮದ ಹಾಳೆಗಳಲ್ಲಿ ಈಗಲೂ ಓದಬಹುದು. ಅದರ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಲೇಸರ್ ಡಿಸ್ಕಿನಲ್ಲಿ ಹೊಸ ಸಮೀಕ್ಷೆಯನ್ನು ಹೊರತಂದಿತು. ಇಪ್ಪತ್ತು ವರ್ಷ ತುಂಬುವ ಮೊದಲೇ ಆ ಡಿಸ್ಕ್ ಓದುವ ಯಂತ್ರಗಳು ವಿರಳವಾಗಿ, ಮಾಹಿತಿಯನ್ನು ಹೊರತೆಗೆಯಲು ವಿಶೇಷ ಪ್ರಯತ್ನ ಬೇಕಾಯಿತು. ಆಮ್ಲರಹಿತ ಕಾಗದದ ಮೇಲೆ ಮುದ್ರಿಸಿದ ಮೂರು ಪ್ರತಿಗಳನ್ನು ಮೂರು ಬೇರೆ ಸ್ಥಳಗಳಲ್ಲಿಡಿ. ಡಿಜಿಟಲ್ ಪ್ರತಿಯನ್ನು ಸರಳ ಪಠ್ಯರೂಪದಲ್ಲಿ ಇಟ್ಟು, ಅದನ್ನು ಹೊಸ ಸಾಧನಕ್ಕೆ ವರ್ಗಾಯಿಸುವ ಹೊಣೆಯನ್ನು ಒಂದು ಹುದ್ದೆಗೆ, ವ್ಯಕ್ತಿಗಲ್ಲ, ವಹಿಸಿ.

ಒಂದೇ ಒಂದು ಎಚ್ಚರಿಕೆಯನ್ನು ಉಳಿಸಬೇಕಿದ್ದರೆ ಅದನ್ನು ಕಡತದಲ್ಲಿಡದೆ ತಪ್ಪು ನಡೆಯಬಹುದಾದ ಜಾಗದಲ್ಲೇ ಇಡಿ. ಜಪಾನಿನ ಅನೆಯೋಶಿಯಲ್ಲಿ 1933ರ ಸುನಾಮಿಯ ನಂತರ ನೆಟ್ಟ ಕಲ್ಲಿನ ಮೇಲೆ, ಇದಕ್ಕಿಂತ ಕೆಳಗೆ ಮನೆ ಕಟ್ಟಬೇಡಿ ಎಂದು ಕೆತ್ತಿದೆ. 2011ರ ಅಲೆ ಆ ಕಲ್ಲಿನ ಕೆಳಗೇ ನಿಂತಿತು, ಮೇಲಿನ ಮನೆಗಳು ಉಳಿದವು. ಅದರಲ್ಲಿ ವಿವರಣೆ ಕಡಿಮೆ, ಮಾಡಬಾರದ ಕೆಲಸದ ಹೆಸರು ಸ್ಪಷ್ಟ, ಗೆರೆ ಕಣ್ಣಿಗೆ ಕಾಣುತ್ತದೆ.

## 8. ಮರುಪರಿಶೀಲನೆಗೆ ದಿನಾಂಕದ ಜೊತೆಗೆ ಸೂಚಕಗಳನ್ನೂ ಕಟ್ಟಿ

“ಹತ್ತು ವರ್ಷಕ್ಕೊಮ್ಮೆ ಪರಿಶೀಲಿಸತಕ್ಕದ್ದು” ಎಂಬ ವಾಕ್ಯ ಬಹಳ ಠರಾವುಗಳಲ್ಲಿ ಇದೆ, ಪರಿಶೀಲನೆ ನಡೆದದ್ದು ಕಡಿಮೆ. ದಿನಾಂಕದ ಜೊತೆಗೆ ಅಳೆಯಬಹುದಾದ ಒಂದು ಮಟ್ಟವನ್ನೂ ಬರೆಯಿರಿ: ಬಾವಿಯ ನೀರು ಇಷ್ಟು ಮೀಟರ್ ಕೆಳಗಿಳಿದರೆ, ನಿಧಿ ಇಷ್ಟು ಪಾಲು ಕುಗ್ಗಿದರೆ, ನಿರ್ವಹಣೆ ಬಾಕಿ ಇಷ್ಟು ದಾಟಿದರೆ, ಅಧ್ಯಕ್ಷರ ಅನುಮತಿಗೆ ಕಾಯದೆ ಮೂವತ್ತು ದಿನದೊಳಗೆ ಸಭೆ ಸೇರಲೇಬೇಕು. ಅಳೆಯುವವರು ಯಾರು, ಅಂಕಿಯನ್ನು ಎಲ್ಲಿ ಪ್ರಕಟಿಸಬೇಕು ಎಂಬುದೂ ಅದೇ ಠರಾವಿನಲ್ಲಿ ಇರಲಿ.

ಲಂಡನ್ ನಗರವನ್ನು ಥೇಮ್ಸ್ ನದಿಯ ಉಬ್ಬರದಿಂದ ಕಾಪಾಡಲು 2012ರಲ್ಲಿ ಒಪ್ಪಿದ, 2100ರವರೆಗಿನ ಯೋಜನೆಯ ಬುಡದಲ್ಲಿ ಇದೇ ಉಪಾಯವಿದೆ. ಯಾವ ವರ್ಷ ಯಾವ ಗೋಡೆ ಎಂದು ಮೊದಲೇ ಬಿಗಿಯದೆ, ಸಮುದ್ರಮಟ್ಟ ಎಷ್ಟು ಏರಿದರೆ ಯಾವ ದಾರಿ ಹಿಡಿಯಬೇಕೆಂದು ಕವಲುಗಳಾಗಿ ಬರೆದು, ಪ್ರತಿ ಕವಲಿಗೆ ಬೇಕಾಗುವ ಜಮೀನನ್ನು ಈಗಲೇ ಕಾಯ್ದಿರಿಸುವ ಕ್ರಮ ಅದು. 1953ರ ಪ್ರವಾಹದಲ್ಲಿ 1,836 ಜನರನ್ನು ಕಳೆದುಕೊಂಡ ನೆದರ್ಲೆಂಡ್ಸ್ ಪ್ರವಾಹ ತಡೆಯುವ ತನ್ನ ಡೆಲ್ಟಾ ಕಾರ್ಯಕ್ರಮದ ಮುಖ್ಯ ತೀರ್ಮಾನಗಳನ್ನು ಆರು ವರ್ಷಕ್ಕೊಮ್ಮೆ ಮತ್ತೆ ತೂಗಿ ನೋಡುತ್ತದೆ. ಮೊದಲಿಗೆ ಬೇಡವೆಂದು ನಾನು ಕಡೆಗೆ ಇಟ್ಟ ಭವಿಷ್ಯದ ಊಹೆಗೆ ಜಾಗ ಇಲ್ಲಿದೆ: ಎರಡು ಮೂರು ಭಿನ್ನ ಚಿತ್ರಗಳನ್ನು ಕಲ್ಪಿಸಿಕೊಂಡು, ಸೂಚಕಗಳು ಪ್ರತಿಯೊಂದರಲ್ಲೂ ಸಕಾಲಕ್ಕೆ ಗಂಟೆ ಬಾರಿಸುತ್ತವೆಯೇ ಎಂದು ಪರೀಕ್ಷಿಸಿ.

ಅತಿಯಾಗಿ ಬಿಗಿಯುವುದೂ ತಪ್ಪೇ. ಮುಂದಿನವರ ಒಳ್ಳೆಯದಕ್ಕೆಂದು ಅವರ ಕೈ ಕಟ್ಟುವ ಟ್ರಸ್ಟ್ ಪತ್ರಗಳು, ಎಂದೂ ತಿದ್ದಲಾಗದ ನಿಯಮಗಳು ಮೂರನೆಯ ಹಂತದ ಪರೀಕ್ಷೆಯಲ್ಲೇ ನಪಾಸಾಗುತ್ತವೆ. ವಿಧಾನವನ್ನು ಬಿಗಿಯಿರಿ, ಅಂದರೆ ಯಾರು ಅಳೆಯಬೇಕು, ಯಾವಾಗ ಸೇರಬೇಕು, ಎಷ್ಟು ಬಹುಮತ ಬೇಕು ಎಂಬುದನ್ನು. ಉತ್ತರವನ್ನು ಮಾತ್ರ ತೆರೆದಿಡಿ.

## ನಡುವೆ ಕೆಲಸ ನಿಂತರೆ

ಸಮಿತಿ ಮೂರನೆಯ ಹಂತದಲ್ಲಿ ಒಮ್ಮತಕ್ಕೆ ಬಾರದಿದ್ದರೆ ವಿವಾದದ ಸಾಲನ್ನು ಹೆಚ್ಚು ಕಠಿಣವಾದ ಗುಂಪಿಗೆ ಹಾಕಿ ಮುಂದುವರಿಯಿರಿ. ಅದನ್ನು ಅಲ್ಲಿಂದ ಕೆಳಗಿಳಿಸಬೇಕೆನ್ನುವವರು ಸಾಕ್ಷ್ಯ ತರಲಿ. ಇಂದಿನ ಬಡವರ ಹೊಟ್ಟೆಯ ಪ್ರಶ್ನೆ ಎದ್ದರೆ ಅದನ್ನು ಅಡ್ಡಿಯೆಂದು ಭಾವಿಸಬೇಡಿ. ಅದು ನ್ಯಾಯವಾದ ಪ್ರಶ್ನೆ. ತ್ಯಾಗದ ಹೊರೆ ಯಾರ ಮೇಲೆ ಬೀಳುತ್ತದೆ ಎಂದು ಹೆಸರಿಸಿ ಬರೆದು, ಉಳ್ಳವರು ಅದನ್ನು ಹೊರುವಂತೆ ಆಯ್ಕೆಯನ್ನು ತಿದ್ದಿ. ಮುಂದಿನವರ ಹೆಸರು ಹೇಳಿ ಇಂದಿನ ದುರ್ಬಲರನ್ನು ಎಬ್ಬಿಸಿ ಕಳಿಸುವ ಯೋಜನೆಗಳನ್ನು ಈ ಒಂದು ಸಾಲು ಬಹುಪಾಲು ಹಿಡಿದುಹಾಕುತ್ತದೆ.

ಎಲ್ಲ ಹಂತಗಳಿಗೆ ಸಮಯವೇ ಇಲ್ಲ, ನಾಳೆಯೇ ಸಹಿ ಆಗಬೇಕು ಎಂದಾದರೆ ಮೂರನೆಯ ಹಂತವನ್ನು ಮಾತ್ರ ಮಾಡಿ. ಮೂರನೆಯ ಗುಂಪಿನಲ್ಲಿ ಒಂದಾದರೂ ಸಾಲು ಇದ್ದರೆ ಸಹಿಯ ಅವಧಿಯನ್ನು ಕಡಿಮೆ ಮಾಡಿಸಿ: 30 ವರ್ಷದ ಗುತ್ತಿಗೆಯ ಬದಲು 5 ವರ್ಷ, ಪರಭಾರೆಯ ಬದಲು ಬಾಡಿಗೆ, ಪೂರ್ಣ ವಿಸ್ತೀರ್ಣದ ಬದಲು ಒಂದು ಭಾಗ. ಅದಕ್ಕೂ ಒಪ್ಪದಿದ್ದರೆ, ಯಾವ ಸಾಲು ಹಿಂತೆಗೆಯಲಾಗದ್ದು ಮತ್ತು ಆತುರ ಯಾರದು ಎಂಬುದನ್ನು ಭಿನ್ನಮತದ ಟಿಪ್ಪಣಿಯಾಗಿ ಬರೆದು, ದಿನಾಂಕ ಹಾಕಿ, ಸಹಿಗೆ ಮುನ್ನವೇ ನಡಾವಳಿ ಪುಸ್ತಕಕ್ಕೆ ಸೇರಿಸಿ, ಅದರ ದೃಢೀಕೃತ ಪ್ರತಿಯೊಂದನ್ನು ಸಂಸ್ಥೆಯ ಹೊರಗೆ ಇರಿಸಿ.